ಅಂಬುಜಾಬಾಯಿಯ ಹಾಡಿನ ಚಾರ್ಜು

ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ ಸವೆದ ಮೇಲೆ ನನಗೊಂದು ಮಾತು ಖಾತ್ರಿಯಾಗಿದೆ. ವರ್ಗವಾಗಿ ಹೋದವರ ಕುರ್ಚಿಯಲ್ಲಿ ಕೂಡುವುದು ಸುಲಭ. ಅವರು ಕೂತು ಕೂತು ಮಾಡಿಟ್ಟ ತಗ್ಗಿನಲ್ಲಿ ಕೂಡುವುದು ಕಷ್ಟ. ತಗ್ಗು ಅವರ ಅಳತೆಯದು, ಕೂಡಬೇಕಾದವರು ನಾವು. ಈ ತತ್ತ್ವವನ್ನು ಒಂದು ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನ ಹೆಂಡತಿ ಭಾನುಮತಿಗೆ ಉಪದೇಶ ಮಾಡಿದೆ. ಅವಳು ಕಾಯಿ ತುರಿಯುತ್ತಿದ್ದಳು.

"ಕುರ್ಚಿ ಮಾತು ಬಿಡ್ರಿ. ನೀವು ಮನ್ಯಾಗ ಕೂತದ್ದರ ಯಾವಾಗ? ಸದಾ ಆ ಬಾಗಲದಾಗ ಟೊಂಕದ ಮ್ಯಾಲೆ ಕೈ ಇಟಗೊಂಡು ನಿಂತಿರ್ತೀರಿ. ಒಂದೋ ಒಳಗ ಬರ್ರಿ, ಇಲ್ಲಾ ಹೊರಗ ಹೋಗ್ರಿ. ನನಗ ಬೆಳಕು ಬೀಳವಲ್ದು" ಎಂದಳು.

(ಹೀಗೆ ನಿಲ್ಲುವುದು ನನ್ನ ಅಭ್ಯಾಸ, ನಿಜ. ಆದರೆ ಅದು ಸೋಮಾರಿತನವಲ್ಲ. ಕೆಲವರಿಗೆ ತಲೆ ಕೆರೆದುಕೊಂಡರೆ ವಿಚಾರ ಹೊಳೆಯುತ್ತದೆ, ಕೆಲವರಿಗೆ ನಶ್ಯ ಏರಿಸಿದರೆ. ನನಗೆ ಹೀಗೆ ನಿಂತರೆ ಹೊಳೆಯುತ್ತದೆ. ನಮ್ಮ ಮನೆಯ ಎಷ್ಟೋ ಘನವಾದ ಸುಧಾರಣೆಗಳು ಆ ಬಾಗಿಲಲ್ಲೇ ಹುಟ್ಟಿವೆ. ಒಂದೂ ಜಾರಿಗೆ ಬಂದಿಲ್ಲ, ಅದು ಬೇರೆ ಮಾತು.)

ಇರಲಿ. ನಾನು ಹೇಳಹೊರಟದ್ದು ಕುರ್ಚಿಯ ಕಥೆಯಲ್ಲ, ಹಾಡಿನದು.

ಅದು ತೊಂಬತ್ತನೆಯ ಇಸವಿ. ಬ್ಯಾಂಕು ನನ್ನನ್ನು ಧಾರವಾಡದಿಂದ ಎತ್ತಿ ನಾಸಿಕಕ್ಕೆ ತಂದು, ಅಂಬಡ್‌ನ ಕಾರಖಾನೆಗಳ ನಡುವಿನ ಶಾಖೆಯಲ್ಲಿ ಇಳಿಸಿ ಆರು ವರ್ಷವಾಗಿತ್ತು. ಊರಿನ ಕನ್ನಡದ ಹೆಣ್ಣುಮಕ್ಕಳೆಲ್ಲ ಪ್ರತಿ ಶುಕ್ರವಾರ ಮಧ್ಯಾಹ್ನ ಒಬ್ಬೊಬ್ಬರ ಮನೆಯಲ್ಲಿ ಸೇರಿ ಭಜನೆ ಮಾಡುತ್ತಿದ್ದರು. ಕನ್ನಡ ಭಗಿನಿ ಭಜನಾ ಮಂಡಳಿ ಎಂದು ಅದರ ಹೆಸರು. ಅಧ್ಯಕ್ಷರು ಕಸ್ತೂರಿಬಾಯಿ. ಬೀದರದವರು, ಯಜಮಾನರದು ಉಳ್ಳಾಗಡ್ಡಿಯ ವ್ಯಾಪಾರ, ದನಿ ಮೂರು ಓಣಿ ದಾಟುವಂಥದ್ದು. ಮಂಡಳಿಗೆ ಗಂಡಸರ ಪ್ರವೇಶ ನಿಷಿದ್ಧ. ನಮ್ಮ ಮನೆಯ ಸರದಿ ಬಂದ ದಿನ ನಾನು ಬ್ಯಾಂಕಿನಿಂದ ಬೇಗ ಬಂದುಬಿಟ್ಟರೆ ಮೆಟ್ಟಿಲ ಮೇಲೆ ಕೂತು ಇಪ್ಪತ್ತು ಜೊತೆ ಚಪ್ಪಲಿ ಕಾಯಬೇಕಾಗುತ್ತಿತ್ತು.

ಈ ಮಂಡಳಿಯಲ್ಲಿ ಒಂದು ಕಾನೂನಿತ್ತು. ಯಾರ ಹಾಡು ಅವರದು. ಒಬ್ಬರ ಹಾಡನ್ನು ಇನ್ನೊಬ್ಬರು ಬಾಯಲ್ಲಿ ಗುನುಗುವ ಹಾಗೂ ಇಲ್ಲ. ಕಸ್ತೂರಿಬಾಯಿಯ ಹತ್ತಿರ ಕೆಂಪು ರಟ್ಟಿನ ಒಂದು ವಹಿ ಇತ್ತು. ಅದರಲ್ಲಿ ಗೆರೆ ಹೊಡೆದು ಮೂರು ಕಲಮು ಮಾಡಿದ್ದರು: ಹಾಡು, ಯಾರದು, ಸಾಮಾನು. ಸಾಮಾನು ಅಂದರೆ ಆ ಹಾಡಿಗೆ ಬೇಕಾಗುವ ಗಂಟೆ, ತಾಳ, ಚಿಪಳಿ ಇತ್ಯಾದಿ. ಗಂಡನಿಗೆ ವರ್ಗವಾಗಿ ಯಾರಾದರೂ ಊರು ಬಿಟ್ಟರೆ ಅವರ ಹಾಡು ಖಾಲಿ ಬೀಳುತ್ತಿತ್ತು. ಹೋಗುವವರು ಉಳಿದವರಲ್ಲಿ ಒಬ್ಬರಿಗೆ ಅರಿಸಿನ ಕುಂಕುಮ ಹಚ್ಚಿ, ಉಡಿಗೆ ಕಾಯಿ ಹಾಕಿ, ಹಾಡಿನ ಚಾರ್ಜು ಕೊಟ್ಟು ಹೋಗಬೇಕು. ನಮ್ಮ ಬ್ಯಾಂಕಿನಲ್ಲಿ ತಿಜೋರಿಯ ಕೀಲಿ ಕೈ ಬದಲಿಸುವಾಗಲೂ ಇಷ್ಟು ಶಿಸ್ತು ನಾನು ಕಂಡಿಲ್ಲ.

ಭಾನುಮತಿ ಸೇರಿದಾಗ ಒಂದು ಹಾಡೂ ಖಾಲಿ ಇರಲಿಲ್ಲ. ಹೀಗಾಗಿ ಆರು ವರ್ಷ ಪಾಪ ಅವಳು ಉಳಿದವರ ಪಲ್ಲವಿಗೆ ದನಿಗೂಡಿಸುತ್ತ, ಚಪ್ಪಾಳೆ ತಟ್ಟುತ್ತ ಕಳೆದಳು. ವಹಿಯಲ್ಲಿ ಅವಳ ಹೆಸರೇ ಇರಲಿಲ್ಲ. ಶುಕ್ರವಾರ ಹೋಗುವಾಗ ಗರಿಗರಿ ಇಳಕಲ್ ಸೀರೆ ಉಟ್ಟು ಹೋಗುತ್ತಿದ್ದಳು, ಬರುವಾಗ ಅದನ್ನು ಸುಮ್ಮನೆ ಮಡಚಿ ಇಡುತ್ತಿದ್ದಳು. ನನಗೆ ಇದೆಲ್ಲ ತಿಳಿಯುತ್ತಿರಲಿಲ್ಲ. ನಮ್ಮ ಮಗಳು ಅಲಕಾ ಹೇಳಿದಳು. ಅವಳಿಗೆ ಆಗ ಹದಿನಾಲ್ಕು, ಬಾಯಿ ತುಂಬ ಮರಾಠಿ.

ಆ ಶ್ರಾವಣದಲ್ಲಿ ಅಂಬುಜಾಬಾಯಿಯ ಯಜಮಾನರಾದ ಅಂಚೆ ಖಾತೆಯ ಬಿಂದುಮಾಧವರಾಯರಿಗೆ ಔರಂಗಾಬಾದಕ್ಕೆ ವರ್ಗವಾಯಿತು. ಅಂಬುಜಾಬಾಯಿಯ ಹಾಡು ಅಂದರೆ ಮಂಡಳಿಯ ಮುಕುಟಮಣಿ. ಅವರ ಅಜ್ಜಿಯ ಕಾಲದ್ದು, ಬರೆದವರು ಯಾರೋ ಗೊತ್ತಿಲ್ಲ. ಅದನ್ನು ಅವರು ಉಳಿದವರನ್ನೆಲ್ಲ ಬಿಟ್ಟು ಭಾನುಮತಿಗೇ ಒಪ್ಪಿಸಿದರು. ಆ ದಿನ ಇವಳು ಮನೆಗೆ ಬಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಹಾಡು ಇಲ್ಲಿದೆ, ಮುಂದಿನ ಅನಾಹುತ ತಿಳಿಯಬೇಕಾದರೆ ನೀವು ಇದನ್ನು ಓದಲೇಬೇಕು:

ಯಾಕೋ ನಿಂತಿ ವಿಠಲಾ, ಇಟ್ಟಂಗಿ ಮ್ಯಾಲೆ
ಟೊಂಕದ ಮ್ಯಾಲೆ ಕೈಯಿಟ್ಟು
ಕರದರ ಓ ಅನಲಿಲ್ಲ, ಕಣ್ಣೆತ್ತಿ ನೋಡಲಿಲ್ಲ
ಹೊತ್ತು ಹೋತು ಕೈಬಿಟ್ಟು

ನೀರು ನಾ ತಂದೆ, ನೆಲ ನಾ ಸಾರಿಸಿದೆ
ಹೂವು ನಾ ಕಟ್ಟಿದೆ, ದೀಪ ನಾ ಹಚ್ಚಿದೆ
ನೀ ಏನ ಮಾಡಿದಿ ಹೇಳೋ, ವಿಠಲಾ
ನಿಂತದ್ದೊಂದಽ ಬಿಟ್ಟು

ಅಂಬುಜಾಬಾಯಿ ಇದನ್ನು ಕಣ್ಣು ಮುಚ್ಚಿ, ಕೊರಳು ತಗ್ಗಿಸಿ ಹಾಡುತ್ತಿದ್ದರು. "ನೀ ಏನ ಮಾಡಿದಿ ಹೇಳೋ" ಎಂಬಲ್ಲಿಗೆ ಬಂದಾಗ ತಟ್ಟನೆ ನಿಲ್ಲುತ್ತಿದ್ದರು. ಒಂದು ನಿಮಿಷದಂಥ ಮೌನ. ಆಮೇಲೆ ಮೆಲ್ಲಗೆ "ವಿಠಲಾ" ಎಂದು ಇಳಿಸಿದರೆ ಇಪ್ಪತ್ತು ಸೆರಗು ಇಪ್ಪತ್ತು ಜೊತೆ ಕಣ್ಣಿಗೆ ಹೋಗುತ್ತಿದ್ದವು. ಮೆಟ್ಟಿಲ ಮೇಲೆ ಚಪ್ಪಲಿ ಕಾಯುತ್ತಿದ್ದ ನನಗೂ ಒಮ್ಮೆ ಕಣ್ಣು ಒದ್ದೆಯಾಗಿತ್ತು.

ಭಾನುಮತಿ ಮೊದಲ ಶುಕ್ರವಾರ ಹಾಡಿದಳು. ಎಲ್ಲರೂ ಹೊಗಳಿದರು. ಹೇಗೆ ಹೊಗಳಿದರು ಅಂದರೆ, "ಛಲೋ ಹಾಡಿದ್ರಿ ಭಾನುಮತಿಬಾಯಿ. ಖರೇ, ಅಂಬುಜಾಬಾಯಿ ಹಾಡಿಧಂಗ ಆಗಂಗಿಲ್ಲ ಬಿಡ್ರಿ." ಎರಡನೆಯ ಶುಕ್ರವಾರ, "ನೀವು ಹಾಡೂಮುಂದ ಅಂಬುಜಾಬಾಯಿ ಭಾಳ ನೆನಪಾದ್ರು ನೋಡ್ರಿ." ಮೂರನೆಯ ಶುಕ್ರವಾರ ಒಬ್ಬರು ಏನೂ ಅನ್ನದೆ ಸುಮ್ಮನೆ ಇವಳ ಬೆನ್ನು ಸವರಿದರಂತೆ. ಅದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

"ನನಗ ಭಾಳ ಕೆಟ್ಟ ಅನಸ್ತದ್ರೀ" ಎಂದಳು ಆ ಸಂಜೆ, ಹೀರೇಕಾಯಿ ಹೆಚ್ಚುತ್ತ. "ಆರು ವರ್ಷಕ್ಕ ಒಂದು ಹಾಡು ಸಿಕ್ಕದ. ಅದೂ ನಂದು ಅನಸವಲ್ದು. ಯಾರದೋ ಸೀರಿ ಉಟಗೊಂಡು ಮದವಿಗೆ ಹೋಧಂಗ ಆಗ್ಯದ."

ನಾಲ್ಕನೆಯ ಶುಕ್ರವಾರ ಕಸ್ತೂರಿಬಾಯಿ ತೀರ್ಪು ಕೊಟ್ಟರು. ಕಾರ್ತಿಕದ ಎರಡನೆಯ ಭಾನುವಾರ ಔರಂಗಾಬಾದದ ಕನ್ನಡ ಹೆಣ್ಣುಮಕ್ಕಳು ನಮ್ಮ ಮಂಡಳಿಯನ್ನು ಕರೆದಿದ್ದರು. "ಅಲ್ಲಿ ಅಂಬುಜಾಬಾಯಿ ಮುಂದಽ ಹಾಡ್ರಿ. ಆಕಿ ಹ್ಞೂಂ ಅಂದ್ರ ಹಾಡು ನಿಮ್ದು, ವಹಿದಾಗ ಶಾಯಿಲಿಂದ ಬರೀತೀನಿ. ಇಲ್ಲಾಂದ್ರ ಹಾಡು ಆಕೀಗಿ ವಾಪಸ್. ನೀವು ಮೊದಲಿನ ಹಂಗ ಚಪ್ಪಾಳಿ ಹೊಡ್ಕೋತ ಕೂಡ್ರಿ. ಬ್ಯಾಸರಾ ಮಾಡ್ಕೋಬ್ಯಾಡ್ರಿ ಮತ್ತ" ಎಂದರಂತೆ. ಅಲ್ಲಿಯವರೆಗೆ ಇವಳ ಹೆಸರು ಪೆನ್ಸಿಲ್ಲಿನಲ್ಲಿತ್ತು.

ಇಲ್ಲಿ ನಾನು ರಂಗಪ್ರವೇಶ ಮಾಡಿದೆ. ಯಾರೂ ಕರೆದಿರಲಿಲ್ಲ.

ಸಂಗೀತದಲ್ಲಿ ನನ್ನ ಅಧಿಕಾರವೇನು ಎಂದು ನೀವು ಕೇಳಬಹುದು. ನನ್ನ ಹತ್ತಿರ ಎರಡು ಸ್ಪೀಕರಿನ ಟೇಪ್‌ರೆಕಾರ್ಡರ್ ಇತ್ತು. ಅರವತ್ತಮೂರು ಕ್ಯಾಸೆಟ್ ಇದ್ದವು, ನಂಬರು ಹಚ್ಚಿದವು. ತಿಂಗಳಿಗೊಮ್ಮೆ ಹತ್ತಿಗೆ ಸ್ಪಿರಿಟ್ ಹಚ್ಚಿ ಅದರ ಹೆಡ್ಡು ಒರೆಸುತ್ತಿದ್ದೆ. ಹೀಗಿದ್ದ ಮೇಲೆ ಸಂಗೀತ ಬರದೆ ಎಲ್ಲಿ ಹೋದೀತು? ಅಂಬುಜಾಬಾಯಿಯ ಬೀಳ್ಕೊಡುಗೆಯ ದಿನ ಅವರ ಹಾಡನ್ನೂ ತುಂಬಿಟ್ಟುಕೊಂಡಿದ್ದೆ. ನಂಬರು ಅರವತ್ತನಾಲ್ಕು.

ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ವಿಚಾರ ಹೊಳೆಯಿತು.

"ಭಾನು, ಅಂಬುಜಾಬಾಯಿ ಹಾಡಿಧಂಗ ಹಾಡಲಿಕ್ಕೆ ಹೋಗ್ತೀದಿ, ಅದಽ ನಿನ್ನ ತಪ್ಪು. ಹಾಡನ್ನ ನಿನ್ನ ಸ್ವಂತದ್ದು ಮಾಡಕೋಬೇಕು."

"ಹೆಂಗ ಮಾಡಕೋಬೇಕು?"

"ಅದನ್ನ ನಾ ಹೇಳ್ತೀನಿ."

"ನೀವು ಹೇಳಿದರ ಅದು ನನ್ನ ಸ್ವಂತದ್ದು ಹೆಂಗ ಆಗ್ತದ?" ಎಂದಳು. ಇಂಥ ತರ್ಕದ ಪ್ರಶ್ನೆಗಳಿಗೆ ಕಲಾವಿದರು ಉತ್ತರ ಕೊಡುವ ರೂಢಿಯಿಲ್ಲ.

ಮೊದಲ ಪ್ರಯೋಗ: ವಿಳಂಬ ಗತಿ. ದೊಡ್ಡ ಗವಾಯಿಗಳೆಲ್ಲ ನಿಧಾನ ಹಾಡುತ್ತಾರೆ, ಆದ್ದರಿಂದ ನಿಧಾನ ಹಾಡಿದರೆ ದೊಡ್ಡವರಾಗುತ್ತೇವೆ ಎಂಬುದು ನನ್ನ ಸಿದ್ಧಾಂತ. "ಯಾಕೋ" ಎಂಬಲ್ಲಿ ಎಂಟು ಎಣಿಸುವವರೆಗೆ ನಿಲ್ಲಬೇಕು ಎಂದೆ. ಭಾನುಮತಿ ನಿಂತಳು. "ನಿಂತಿ" ಎಂಬಲ್ಲಿ ಹನ್ನೆರಡು. ವಿಠಲ ಬರುವ ಹೊತ್ತಿಗೆ ಇವಳ ಉಸಿರು ಮುಗಿದು ಕೆಮ್ಮು ಹತ್ತಿತು, ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. ಅಲಕಾ ಹೋಮ್‌ವರ್ಕ್ ವಹಿಯ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ದಳು.

ಎರಡನೆಯ ಪ್ರಯೋಗಕ್ಕೆ ಕೆಳಗಿನ ಮನೆಯ ರೇವಣಪ್ಪನನ್ನು ಕರೆದೆ. ಭಾಲ್ಕಿಯ ಕಡೆಯವನು, ಅಂಬಡ್‌ನಲ್ಲಿ ಮೋಟಾರಿಗೆ ತಂತಿ ಸುತ್ತುವ ಕೆಲಸ, ತಬಲಾ ಬರುತ್ತದೆ ಎಂದು ಅವನೇ ಹೇಳುತ್ತಿದ್ದ. ಬಂದು ಕೂತು ಭಕ್ತಿಯಿಂದ ಕೈ ಮುಗಿದು ಶುರು ಮಾಡಿದ. ಅವನ ಕೈಗೆ ಕಾರಖಾನೆಯ ಚಾಳಿ. ಒಮ್ಮೆ ಚಾಲೂ ಆದರೆ ಸೈರನ್ ಆಗುವ ತನಕ ನಿಲ್ಲುವಂತಿಲ್ಲ. ಭಾನುಮತಿ ಅವನ ಹಿಂದೆ ಓಡಿ ಓಡಿ, ಎರಡನೆಯ ಚರಣದಲ್ಲಿ ನೀರು ತಂದು, ನೆಲ ಸಾರಿಸಿ, ಹೂ ಕಟ್ಟಿ, ದೀಪ ಹಚ್ಚುವ ನಾಲ್ಕೂ ಕೆಲಸವನ್ನು ಒಂದೇ ಉಸಿರಿನಲ್ಲಿ ಮುಗಿಸಿದಳು.

"ಅಕ್ಕಾರ, ಭಾಳ ಚುರುಕ್ ಹಾಡ್ತೀರಿ ನೀವು" ಎಂದ ರೇವಣಪ್ಪ, ಬೆವರು ಒರೆಸಿಕೊಳ್ಳುತ್ತ. "ನನಗಽ ಹಿಂದ ಬರಲಾಕ ಆಗಲಿಲ್ರಿ."

ಅವನಿಗೆ ಚಹಾ ಕುಡಿಸಿ ಕಳಿಸಿದೆವು.

ಮೂರನೆಯ ಪ್ರಯೋಗವೇ ನನ್ನ ಮೇರುಕೃತಿ. ನಂಬರು ಅರವತ್ತನಾಲ್ಕನ್ನು ಹದಿನೇಳು ಸಲ ಹಿಂದೆ ಮುಂದೆ ಓಡಿಸಿ ಕೇಳಿ, ಗುಟ್ಟು ಕಂಡುಹಿಡಿದೆ. ಗುಟ್ಟೆಲ್ಲ ಆ ಮೌನದಲ್ಲಿತ್ತು. "ನೀ ಏನ ಮಾಡಿದಿ ಹೇಳೋ" ಆದ ಮೇಲೆ ಅಂಬುಜಾಬಾಯಿ ನಿಲ್ಲುತ್ತಿದ್ದುದು ಸರಿಯಾಗಿ ಆರು ಸೆಕೆಂಡು. ಗಡಿಯಾರ ಹಿಡಿದು ನೋಡಿದೆ. ಅದು ಜೀವಾತ್ಮ ಪರಮಾತ್ಮನ ಉತ್ತರಕ್ಕಾಗಿ ಕಾಯುವ ಕ್ಷಣ! ಅಂಬುಜಾಬಾಯಿ ಆರು ಕಾದರೆ ನಾವು ಒಂಬತ್ತು ಕಾಯೋಣ. ಹಾಡು ನಮ್ಮದಾಗದೆ ಏನು? ಮೂರು ವಾರ ನಾನು ಗಡಿಯಾರ ಹಿಡಿದು ಬಾಗಿಲಲ್ಲಿ ನಿಂತೆ, ಇವಳು ಒಂಬತ್ತು ಸೆಕೆಂಡು ಬಾಯಿ ತೆರೆದುಕೊಂಡು ಕಾಯುವುದನ್ನು ಕಲಿತಳು.

"ಪುರೇ ಝಾಲಂ ನಾ ಅಪ್ಪಾ, ಸಾಕು" ಎಂದಳು ಅಲಕಾ ಒಂದು ದಿನ. "ನೀವು ಬ್ಯಾಂಕಿಗೆ ಹೋದಮ್ಯಾಲೆ ಅಮ್ಮ ಒಬ್ಬಾಕಿನಽ ಬಟ್ಟಿ ಒಗಕೋತ ಅದಽ ಹಾಡು ಹಾಡ್ತಾಳ. ಸಿಟ್ಟಿನಿಂದ. ಏಕದಮ್ ಮಸ್ತ! ಹಂಗಽ ಹಾಡ್ಲಿ ನಾ."

"ಬಟ್ಟಿ ಒಗಿಯೂದು ಬ್ಯಾರೆ, ಸಂಗೀತ ಬ್ಯಾರೆ" ಎಂದು ನಾನು ಮಗುವಿಗೆ ತಿಳಿಹೇಳಿದೆ.

ಕಾರ್ತಿಕದ ಆ ಭಾನುವಾರ ಬೆಳಗಿನ ಐದಕ್ಕೆ ಕಸ್ತೂರಿಬಾಯಿಯ ಯಜಮಾನರ ಮೆಟಡೋರ್ ಬಂದು ನಿಂತಿತು. ಇಪ್ಪತ್ತು ಹೆಣ್ಣುಮಕ್ಕಳು ಹಿಂದೆ, ಸಾಮಾನು ಇಳಿಸಲು ಬೇಕಾಗುತ್ತದೆ ಎಂದು ನಾನು ಡ್ರೈವರಿನ ಪಕ್ಕ. (ಮಂಡಳಿಯ ಪ್ರವಾಸಕ್ಕೆ ಗಂಡಸರನ್ನು ಬಿಡಲು ಅದೊಂದೇ ಕಾರಣ ಸಾಕಾಗುತ್ತಿತ್ತು.) ದಾರಿಯಲ್ಲಿ ಚಾಂದವಡ್‌ನಲ್ಲಿ ಹತ್ತು ನಿಮಿಷದ ಕೆಲಸವಿದೆ ಎಂದು ಗಾಡಿ ನಿಲ್ಲಿಸಿದರು. ಒಂದು ತಾಸಾದ ಮೇಲೆ ಹೊರಟಾಗ ಸೀಟಿನ ಕೆಳಗೆಲ್ಲ ಉಳ್ಳಾಗಡ್ಡಿಯ ಚೀಲಗಳಿದ್ದವು. ಕಾರ್ತಿಕ ಮುಗಿಯುವ ತನಕ ಉಳ್ಳಾಗಡ್ಡಿ ಮುಟ್ಟುವುದಿಲ್ಲ ಎಂದು ನೇಮ ಹಿಡಿದ ನಾಲ್ವರು ಔರಂಗಾಬಾದದ ತನಕ ಕಾಲು ಎತ್ತಿಕೊಂಡೇ ಕೂತಿದ್ದರು. ಭಾನುಮತಿ ಕಿಡಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದಳು. ಅವಳ ತುಟಿ ಅಲುಗುತ್ತಿತ್ತು, ಬೆರಳು ಒಂಬತ್ತು ಎಣಿಸುತ್ತಿತ್ತು. ನನಗೆ ಹೆಮ್ಮೆ ಅನಿಸಿತು.

ಅಂಬುಜಾಬಾಯಿಯ ಮನೆಯಲ್ಲಿ ಅವಲಕ್ಕಿ, ಚಹಾ. ಅವರು ಭಾನುಮತಿಯನ್ನು ಅಪ್ಪಿಕೊಂಡು, "ಭಾನೂ, ಹೆಂಗಿದ್ದಾನ ನನ್ನ ವಿಠಲಾ?" ಎಂದರು. ಇವಳ ಮುಖ ಸಣ್ಣದಾಯಿತು. ನಾನು ಸುಮ್ಮನಿರಬಹುದಿತ್ತು.

"ಅಂಬುಜಾಬಾಯಾರ, ಒಂದು ಕೇಳಬೇಕಾಗಿತ್ತು" ಎಂದೆ ವಿನಯದಿಂದ. "'ಹೇಳೋ' ಅಂದಮ್ಯಾಲೆ ಆರು ಸೆಕೆಂಡು ನಿಂತಿರ್ತಿದ್ರಲ್ಲ, ಆವಾಗ ನಿಮ್ಮ ಮನಸ್ಸಿನ್ಯಾಗ ಏನು ಇರ್ತಿತ್ತು?"

"ನಿಂತಿರ್ತಿದ್ನಾ?" ಎಂದು ಅವರು ಹುಬ್ಬು ಗಂಟಿಕ್ಕಿ ಯೋಚಿಸಿದರು. ಆಮೇಲೆ ತಲೆ ತಲೆ ಚಚ್ಚಿಕೊಂಡು ನಕ್ಕರು. "ಅಯ್ಯ, ಅದಾ! ನಾಸಿಕದಾಗ ನಮ್ಮ ಕಡೆ ನಳಾ ಸಂಜೀ ನಾಕೂವರಿಗೆ ಬರ್ತಿತ್ತಲ್ರೀ. ನನ್ನ ಹಾಡಿನ ಪಾಳಿ ಯಾವಾಗ್ಲೂ ಅದಽ ಹೊತ್ತಿಗೆ. ನಳಾ ಸೊಸ್ ಅಂತೇನು ಅಂತ ಕಿವಿಗೊಟ್ಟು ಕೇಳ್ತಿದ್ದೆ. ಒಮ್ಮೆ ತಪ್ಪಿತಂದ್ರ ಮರುದಿನದ ತನಕ ನೀರಿಲ್ಲ. ಮಂದಿ ಮನ್ಯಾಗ ಹಾಡೂಮುಂದನೂ ಅದಽ ರೂಢಿ ಬಿದ್ದುಬಿಟ್ಟಿತ್ತು ನೋಡ್ರಿ."

ಭಾನುಮತಿ ಚಹಾದ ಕಪ್ಪು ಕೆಳಗಿಟ್ಟು ನನ್ನ ಕಡೆ ನೋಡಿದಳು. ಹದಿನೇಳು ವರ್ಷದ ಸಂಸಾರದಲ್ಲಿ ಇಂಥ ನೋಟ ನಾನು ಎರಡು ಸಲ ಕಂಡಿದ್ದೆ, ಇದು ಮೂರನೆಯದು.

"ಮೂರು ವಾರ" ಎಂದಳು ಹೊರಗೆ ಬಂದ ಮೇಲೆ, ಮೆಲ್ಲಗೆ. "ಮೂರು ವಾರ ನನಗ ಅವರ ನಳಾದ ಸಲುವಾಗಿ ಬಾಯಿ ತಕ್ಕೊಂಡು ಕೂಡಿಸಿದ್ರಿ."

"ಕಾರಣ ಏನಽ ಇರಲಿ, ಪರಿಣಾಮ ಮುಖ್ಯ" ಎಂದೆ. "ಈಗ ಬದಲಾಯಿಸಬ್ಯಾಡ. ಒಂಬತ್ತು ಬ್ಯಾಡ ಅಂದ್ರ ಆರಽ ಇರಲಿ. ನಾ ಕಿಡಕಿಯಿಂದ ಸನ್ನಿ ಮಾಡ್ತೀನಿ. ಬಲಗೈ ಎತ್ತಿದರ ಸಾವಕಾಶ, ಎಡಗೈ ಎತ್ತಿದರ ಜೋರು. ಎರಡೂ ಕೈ ಟೊಂಕದ ಮ್ಯಾಲೆ ಇಟ್ಟೆ ಅಂದ್ರ ನಿಲ್ಲು. ಕೈ ತಗದ ಮ್ಯಾಲೆ ಮುಂದ ಹಾಡು."

"ಕೈಮುಗೀತೀನಿ, ನೀವು ಎಲ್ಲ್ಯರ ತಿರಗ್ಯಾಡಿ ಬರ್ರಿ. ದೌಲತಾಬಾದ ಕಿಲ್ಲಾ ನೋಡಿಕೊಂಡು ಬರ್ರಿ. ಏರಲಿಕ್ಕೆ ಭಾಳ ಹೊತ್ತು ಹಿಡೀತದಂತ." ಅವಳ ಕಣ್ಣಲ್ಲಿ ನೀರಿತ್ತು. ಇಂಥ ಸಮಯದಲ್ಲಿ ಹೆಂಡತಿಯ ಕೈಬಿಟ್ಟು ಕಿಲ್ಲಾ ಏರುವಷ್ಟು ಕಲ್ಲೆದೆ ನನ್ನದಲ್ಲ.

ಕಾರ್ಯಕ್ರಮ ವಿಠ್ಠಲನ ಗುಡಿಯ ಪಕ್ಕದ ಸಭಾಗೃಹದಲ್ಲಿ. ಗಂಡಸರು ಹೊರಗೆ. ನಾನು ಮೊದಲು ಗುಡಿಗೆ ಹೋಗಿ, ಹೆಂಡತಿಯ ಹಾಡು ಉಳಿಯಲಪ್ಪಾ ಎಂದು ಮನಸಾರೆ ಬೇಡಿಕೊಂಡೆ. ಪೂಜಾರಿ ನನ್ನ ಭಕ್ತಿ ಕಂಡು ದೇವರ ಮೇಲಿನ ದೊಡ್ಡದೊಂದು ತುಳಸಿಮಾಲೆ ತೆಗೆದು ನನ್ನ ಕೊರಳಿಗೆ ಹಾಕಿದರು. ಅದು ಮೊಣಕಾಲ ತನಕ ಇತ್ತು. ಅಲ್ಲಿಂದ ಸಭಾಗೃಹದ ಹಿಂದಕ್ಕೆ ಹೋದೆ. ಕಿಡಕಿ ದೊಡ್ಡದೇ ಇತ್ತು, ಆದರೆ ಎತ್ತರದಲ್ಲಿತ್ತು. ನೆಲದ ಮೇಲೆ ನಿಂತರೆ ಒಳಗಿನವರಿಗೆ ನನ್ನ ಎದೆಯ ತನಕ ಮಾತ್ರ ಕಾಣುತ್ತಿತ್ತು, ಟೊಂಕದ ಸನ್ನೆ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಯಾರೋ ಗೋಡೆ ಕಟ್ಟಿಸಲು ಇಟ್ಟಂಗಿ ಒಟ್ಟಿದ್ದರು. ಒಂದರ ಮೇಲೆ ಒಂದು ಎರಡು ಇಟ್ಟು ನೋಡಿದೆ, ಸಾಲಲಿಲ್ಲ. ಮೂರು ಮೂರರಂತೆ ಎರಡು ಕಂಬ ಮಾಡಿ, ಒಂದೊಂದರ ಮೇಲೆ ಒಂದೊಂದು ಕಾಲಿಟ್ಟು ಏರಿದೆ. ಅಲುಗಾಡುತ್ತಿತ್ತು. ಆದರೂ ಕಿಡಕಿಯಲ್ಲಿ ಟೊಂಕದ ತನಕ ಕಂಡೆ.

ಒಳಗೆ ನಲವತ್ತು ಹೆಣ್ಣುಮಕ್ಕಳು ನನ್ನ ಕಡೆ ಬೆನ್ನು ಮಾಡಿ ಕೂತಿದ್ದರು. ಹಾಡುವವರು ಮಾತ್ರ ನನಗೆ ಎದುರು. ಮುಂದಿನ ಸಾಲಿನಲ್ಲಿ ಅಂಬುಜಾಬಾಯಿ, ಅವರ ಪಕ್ಕ ಕೆಂಪು ವಹಿ ತೊಡೆಯ ಮೇಲಿಟ್ಟುಕೊಂಡು ಕಸ್ತೂರಿಬಾಯಿ. ಭಾನುಮತಿ ಎದ್ದು ನಿಂತು, ಕಣ್ಣು ಮುಚ್ಚಿ ಶುರು ಮಾಡಿದಳು. ದನಿ ನಡುಗುತ್ತಿತ್ತು. ಮೊದಲ ಚರಣ ಹೇಗೋ ಮುಗಿಯಿತು. ಹಿಂದಿನ ಸಾಲಿನಲ್ಲಿ ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಏನೋ ಅಂದರು. ಏನು ಅಂದರೆಂದು ಕೇಳಬೇಕಾಗಿರಲಿಲ್ಲ, ತಲೆ ಅಂಬುಜಾಬಾಯಿಯ ಕಡೆ ತಿರುಗಿತ್ತು. ಹಾಡು ಹೋಯಿತು ಎಂದುಕೊಂಡೆ.

"...ನೀ ಏನ ಮಾಡಿದಿ ಹೇಳೋ..."

ನಾನು ಒಪ್ಪಂದದ ಪ್ರಕಾರ ಎರಡೂ ಕೈ ಟೊಂಕದ ಮೇಲೆ ಇಟ್ಟೆ. ಅವಳು ನಿಲ್ಲುವ ಸನ್ನೆ ನೋಡಲು ಕಣ್ಣು ತೆರೆದಳು.

ಆರು ಸೆಕೆಂಡು ಆಯಿತು. ಒಂಬತ್ತಾಯಿತು. ನಾನು ಕೈ ತೆಗೆದು ಮುಂದೆ ಹಾಡು ಎನ್ನಬೇಕಿತ್ತು. ಆದರೆ ಕೈ ತೆಗೆದರೆ ತೋಲ ತಪ್ಪಿ ಬೀಳುತ್ತೇನೆ ಎಂಬುದು ಆ ಕ್ಷಣಕ್ಕೆ ತಿಳಿಯಿತು. ಕಾಲ ಕೆಳಗೆ ಇಟ್ಟಂಗಿ, ಕೊರಳಲ್ಲಿ ತುಳಸಿಮಾಲೆ, ಟೊಂಕದ ಮೇಲೆ ಕೈ, ಹಿಂದಿನಿಂದ ಇಳಿಬಿಸಿಲು. ಕಣ್ಣು ಕೂಡ ಮಿಟುಕಿಸದೆ ನಿಂತೆ.

ಭಾನುಮತಿಯ ಮುಖ ಬದಲಾಯಿತು. ಮೊದಲು ಬಾಯಿ ಸ್ವಲ್ಪ ತೆರೆಯಿತು, ಆಮೇಲೆ ತುಟಿಯ ಒಂದು ತುದಿ ನಡುಗಿತು. ಆಮೇಲೆ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಆ ಸಿಕ್ಕಿಸುವ ರೀತಿ ನನಗೆ ಗೊತ್ತು. ಮನೆಯಲ್ಲಿ ಅದಾದ ಮೇಲೆ ನಾನು ಪೇಪರು ಹಿಡಿದು ಹೊರಗೆ ಹೋಗುತ್ತೇನೆ.

"ಯಾಕೋ ನಿಂತಿ ವಿಠಲಾ!" ಎಂದು ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಈ ಸಲ ಕೊರಳು ತಗ್ಗಿಸಲಿಲ್ಲ. ಬಟ್ಟೆ ಒಗೆಯುವ ದನಿ, ಗಟ್ಟಿ, ಬಿಚ್ಚುಗೊರಳು. ಕಣ್ಣು ನೇರ ನನ್ನ ಮೇಲೆ. "ಇಟ್ಟಂಗಿ ಮ್ಯಾಲೆ" ಎಂದು ಬೆರಳು ತೋರಿಸಿದಳು. ನಲವತ್ತು ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು.

ಒಬ್ಬ ಮುದುಕಿ ನನಗೆ ಕೈ ಮುಗಿದರು. ಆಮೇಲೆ ಯಾರೋ ಕಿಸಕ್ಕೆಂದರು, ಅಲ್ಲಿಂದ ನಗೆ ಸಾಲು ಸಾಲಾಗಿ ಹರಡಿತು.

"ಇಳೀಬ್ಯಾಡ್ರಿ ರಾಯರಾ!" ಎಂದು ಕಸ್ತೂರಿಬಾಯಿ ಒದರಿದರು. "ಹಾಡು ಮುಗಿಯೋತನಕ ಅಲ್ಲೇ ನಿಂದರ್ರಿ!"

ಇಳಿಯಲು ನನಗೆ ಬರುತ್ತಿದ್ದರೆ ತಾನೆ. "ನೀರು ನಾ ತಂದೆ" ಎಂದಳು ಭಾನುಮತಿ, ಎದೆ ಮುಟ್ಟಿಕೊಂಡು. "ನೆಲ ನಾ ಸಾರಿಸಿದೆ!" ಹೆಣ್ಣುಮಕ್ಕಳು "ಹೌದವ್ವಾ ಹೌದು" ಎಂದರು. "ಹೂವು ನಾ ಕಟ್ಟಿದೆ, ದೀಪ ನಾ ಹಚ್ಚಿದೆ." ಒಂದೊಂದಕ್ಕೂ ಒಂದೊಂದು ಬೆರಳು ಮಡಚಿದಳು. ಅದು ಬರೀ ಸಿಟ್ಟಾಗಿರಲಿಲ್ಲ. ಸಿಟ್ಟಿನ ಒಳಗೆ ಸಲಿಗೆ ಇತ್ತು, ಸಲಿಗೆಯ ಒಳಗೆ ನಗೆ. ಇಷ್ಟು ವರ್ಷ ಅವಳಿಗೆ ಈ ದನಿ ಇದೆ ಎಂದು ನನಗೆ ಗೊತ್ತಿದ್ದದ್ದು ಬೈಗುಳದಲ್ಲಿ ಮಾತ್ರ. "ನೀ ಏನ ಮಾಡಿದಿ ಹೇಳೋ ವಿಠಲಾ" ಎಂದು ಕೇಳಿ, ಈ ಸಲ ಒಂದು ಸೆಕೆಂಡೂ ಕಾಯಲಿಲ್ಲ. ಉತ್ತರ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ನಿಂತದ್ದೊಂದಽ ಬಿಟ್ಟು!" ಎಂದು ನಲವತ್ತು ಕಂಠಗಳು ಅವಳ ಜೊತೆ ದನಿಗೂಡಿಸಿದವು. ಒಂದಲ್ಲ, ಐದು ಸಲ ಹಾಡಿಸಿದರು. ಐದನೆಯ ಸಲಕ್ಕೆ ಎಡಗಾಲಿನ ಇಟ್ಟಂಗಿ ಜಾರಿ ನಾನು ಕಿಡಕಿಯಿಂದ ಅಂತರ್ಧಾನನಾದೆ. ಒಳಗೆ ಚಪ್ಪಾಳೆಯೋ ಚಪ್ಪಾಳೆ.

ಕುಂಟುತ್ತ ಮುಂಬಾಗಿಲಿಗೆ ಬಂದೆ. ಅವಮಾನವಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಬಾಗಿಲ ಸಂದಿಯಿಂದ ಅವಳ ಮುಖ ನೋಡಿದಾಗ ಕಾಲಿನ ನೋವು ಮರೆತುಹೋಯಿತು. ಆರು ವರ್ಷ ಮಡಚಿಟ್ಟ ಇಳಕಲ್ ಸೀರೆ ಅವತ್ತು ಅವಳ ಮೈಮೇಲೆ ಹೊಸದಾಗಿ ಕಾಣುತ್ತಿತ್ತು. ಅಂಬುಜಾಬಾಯಿ ಕಣ್ಣು ಒರೆಸಿಕೊಳ್ಳುತ್ತಿದ್ದರು, ನಕ್ಕು ನಕ್ಕು ಬಂದ ನೀರು.

"ಭಾನೂ, ಇನ್ನ ಮ್ಯಾಲೆ ನಾ ಇದನ್ನ ಅಳಕೋತ ಹಾಡಲಿಕ್ಕೆ ಹೋದರ ಮಂದಿ ನಗ್ತಾರವಾ" ಎಂದರು. "ಹಾಡು ನಿಂದಽ ಆತು. ಕಸ್ತೂರಿಬಾಯಾರ, ಪೆನ್ನು ತಗೀರಿ."

ಹಿಂದಿರುಗುವಾಗ ಮೆಟಡೋರ್‌ನಲ್ಲಿ ಭಾನುಮತಿ ನನ್ನ ಪಾದಕ್ಕೆ ಮುಲಾಮು ಹಚ್ಚಿ, "ಭಾಳ ನೋವಾತೇನ್ರೀ?" ಎಂದಳು. ಅಷ್ಟು ಪ್ರೀತಿಯಿಂದ ಅವಳು ಕೇಳಿ ಎಷ್ಟೋ ವರ್ಷವಾಗಿತ್ತು. ನನ್ನ ಪ್ರಯೋಗ ಸಫಲವಾಯಿತಲ್ಲ ಎಂದೆ. ಮುಲಾಮು ಹಚ್ಚುವುದನ್ನು ಅಲ್ಲಿಗೇ ನಿಲ್ಲಿಸಿದಳು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಮುಂದಿನ ಶುಕ್ರವಾರ ಮಂಡಳಿಯಲ್ಲಿ ಭಾನುಮತಿ ಹಾಡಲು ನಿಂತರೆ ಹಾಡು ಏಳಲೇ ಇಲ್ಲವಂತೆ. ಗೋಡೆ ನೋಡಿ ಹಾಡಿದಳು, ದೇವರ ಪಟ ನೋಡಿ ಹಾಡಿದಳು, ಬರಲಿಲ್ಲ. "ಎದುರಿಗೆ ಅವರು ಇಲ್ಲಲ್ರೀ" ಎಂದಳಂತೆ. ಶನಿವಾರ ಬೆಳಿಗ್ಗೆ ಕಸ್ತೂರಿಬಾಯಿ ಸ್ವತಃ ನಮ್ಮ ಮನೆಗೆ ಬಂದರು.

"ರಾಯರಾ, ಶುಕ್ರವಾರ ಅರ್ಧಾ ದಿನ ರಜಾ ಹಾಕ್ರಿ."

"ಮಂಡಳಿಗೆ ಗಂಡಸರು ಬರೂಹಂಗಿಲ್ಲಲ್ರೀ" ಎಂದೆ, ಅಡಿಗೆಮನೆಯ ಬಾಗಿಲಿಗೆ ಆತುಕೊಂಡು.

"ಗಂಡಸರು ಬರಂಗಿಲ್ರಿ. ಮೂರ್ತಿಗೆ ಏನು ಅಡ್ಡಿ?" ಎಂದು ಅವರು ಕೆಂಪು ವಹಿ ಬಿಚ್ಚಿ ನನ್ನ ಮುಂದೆ ಹಿಡಿದರು. ಭಾನುಮತಿ ಒಳಗಿನಿಂದ ಬಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತಳು.

ಅಲ್ಲಿ ಪೆನ್ಸಿಲ್ಲಿನ ಗುರುತು ಅಳಿಸಿ, ನೀಲಿ ಶಾಯಿಯಲ್ಲಿ, ಮೂರೂ ಕಲಮು ತುಂಬಿ, ದುಂಡಗೆ ಬರೆದಿತ್ತು:

ಹಾಡು: ಯಾಕೋ ನಿಂತಿ ವಿಠಲಾ. ಯಾರದು: ಭಾನುಮತಿಬಾಯಿ. ಸಾಮಾನು: ಇಟ್ಟಂಗಿ ೬, ರಾಯರು ೧.